ಅಜೀಜ್ ಸಾಹೇಬರು ಹುಲ್ಲಿನ ಮಷೀನು ಆರಿಸಿದ್ದು

ಆರಿಸುವ ವಿದ್ಯೆಯಲ್ಲಿ ಕೊಪ್ಪದ ಅಬ್ದುಲ್ ಅಜೀಜ್ ಸಾಹೇಬರನ್ನು ಮೀರಿಸುವವರು ಸುತ್ತಿನ ಮೂರು ತಾಲ್ಲೂಕಿನಲ್ಲಿಲ್ಲ. ಇದು ನನ್ನ ಮಾತಲ್ಲ, ಅವರೇ ಹೇಳಿಕೊಂಡು ಬಂದ ಮಾತು. ಬಸ್ ಸ್ಟ್ಯಾಂಡಿನ ಹತ್ತಿರ ಅವರದು ಬಟ್ಟೆ ಅಂಗಡಿ. ಸೀರೆಗಳನ್ನೆಲ್ಲ ಕೆಳಗಿಳಿಸಿ ಗುಡ್ಡೆ ಹಾಕಿಸಿ, ಕೊನೆಗೆ “ಮನೆಯವ್ರನ್ನ ಕೇಳ್ಕಂಡ್ ಬರ್ತೀನಿ” ಎಂದು ಎದ್ದು ಹೋಗುವ ಗಿರಾಕಿಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

“ಒಂದು ವಸ್ತು ಆರಿಸಕ್ಕೆ ಎಷ್ಟೊತ್ತು ಬೇಕು ಮಾರಾಯ? ಒಂದ್ಸಲ ಕಣ್ಣಾಡಿಸ್ಬೇಕು, ಒಂದ್ಸಲ ಕೈಯಲ್ಲಿ ಮುಟ್ಬೇಕು, ಮುಗೀತು” ಎನ್ನುತ್ತಿದ್ದರು.

ಇಂಥವರು ಒಂದು ಸೋಮವಾರ ಬೆಳಿಗ್ಗೆ ಚಹಾದ ಲೋಟ ಕೆಳಗಿಟ್ಟು ಘೋಷಣೆ ಹೊರಡಿಸಿದರು: “ನಾಳೆ ಸಂಜೆ ಒಳಗೆ ಹುಲ್ಲು ಕತ್ತರಿಸೋ ಮಷೀನು ನಮ್ಮ ಅಂಗಳದಲ್ಲಿ ಇರುತ್ತೆ!”

ಹೆಂಡತಿ ಬದರುನ್ನೀಸಾ ರೊಟ್ಟಿ ಮಗುಚುತ್ತ ಹೇಳಿದಳು, “ಮಿಕ್ಸಿ ಆರಿಸಕ್ಕೆ ಹೋಗಿದ್ರಲ್ಲ, ಆವಾಗ ನಾನು ಒಂದು ತಿಂಗಳು ಒರಳಲ್ಲಿ ರುಬ್ಬಿದೀನಿ.”

“ಮಿಕ್ಸಿ ಬೇರೆ. ಅದು ನಿನ್ನ ಮಷೀನು. ಇದು ನಂದು.”

ಅಂಗಳವೆಂದರೆ ಮಹಾ ಅಂಗಳವೇನಲ್ಲ. ಅಂಗಡಿಯ ಡಬಲ್ ಬೆಡ್‌ಶೀಟುಗಳನ್ನು ನಾಲ್ಕೈದು ಹಾಸಿದರೆ ಮುಚ್ಚಿಹೋಗುವಷ್ಟು ಜಾಗ. ಆದರೆ ಮಳೆಗಾಲ ಈಗಷ್ಟೇ ಹಿಂದೆಗೆದಿತ್ತು, ಹುಲ್ಲು ಮೊಣಕಾಲು ದಾಟಿತ್ತು, ಹುಲ್ಲಿನೊಳಗೆ ರಕ್ತ ಹೀರುವ ಇಂಬಳಗಳು ಹಸಿದು ಕೂತಿದ್ದವು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಶೃಂಗೇರಿಯಿಂದ ಹುಡುಗ ವಸೀಂನ ತಂದೆ ತಾಯಿ ಬರುವವರಿದ್ದರು. ಮಗಳು ಮೆಹ್ನಾಜಳನ್ನು ನೋಡಿ ಒಪ್ಪಿಗೆಯಾದರೆ ಮದುವೆಯ ದಿನ ಗೊತ್ತು ಮಾಡುವುದಿತ್ತು. ಮನೆಯ ಪಡಸಾಲೆಯ ಮುಕ್ಕಾಲು ಪಾಲು ಅಂಗಡಿಯ ಬಟ್ಟೆ ಮೂಟೆಗಳೇ ತುಂಬಿದ್ದರಿಂದ ನೆಂಟರಿಗೆ ಕುರ್ಚಿ ಹಾಕುವುದಿದ್ದರೆ ಅಂಗಳದಲ್ಲೇ ಹಾಕಬೇಕು.

ಹೋದ ವರ್ಷವೂ ಹಾಗೆಯೇ ಹಾಕಿದ್ದರು. ನರಸಿಂಹರಾಜಪುರದಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ತಾಯಿ ಶೀರ್ಕುರ್ಮಾ ಪಾಯಸದ ಬಟ್ಟಲು ಹಿಡಿದು ಮುಗುಳ್ನಗುತ್ತಿದ್ದವರು ಕಾಲು ನೋಡಿಕೊಂಡರೆ, ರಕ್ತ ಕುಡಿದು ದ್ರಾಕ್ಷಿಯಾಗಿದ್ದ ಇಂಬಳವೊಂದು ಬೆರಳ ಸಂದಿಯಿಂದ ಉದುರಿತು. “ಮನೆಗೆ ಹೋಗಿ ಫೋನ್ ಮಾಡ್ತೀವಿ” ಎಂದು ಎದ್ದರು. ಆ ಫೋನು ಇವತ್ತಿನವರೆಗೂ ಬಂದಿಲ್ಲ.

ಈ ಸಲ ಮೆಹ್ನಾಜ್ ಸುತ್ತುಬಳಸಿ ಮಾತಾಡಲಿಲ್ಲ. “ಅಬ್ಬಾ, ಈ ಸಂಬಂಧ ನನಗೆ ಬೇಕು. ಹುಲ್ಲು ತೆಗೆಸಿ” ಎಂದಳು. ಅಷ್ಟು ಹೇಳುವಾಗಲೇ ಅವಳ ಕಣ್ಣು ತುಂಬಿತ್ತು. ಹೆಗಲ ಮೇಲೆ ಮಷೀನು ಹೊತ್ತು ಕಳೆ ಕೊಚ್ಚುವವರೆಲ್ಲ ಅಡಿಕೆ ಗೊನೆ ಕೊಯ್ಲಿಗೆ ಮೊದಲು ತೋಟಗಳಲ್ಲಿ ಬಿಡುವಿಲ್ಲದೆ ಸಿಕ್ಕಿಕೊಂಡಿದ್ದರು. ಹಾಗಾಗಿ ಸ್ವಂತಕ್ಕೇ ಒಂದು, ಹಿಂದೆ ನಿಂತು ತಳ್ಳಿಕೊಂಡು ಹೋಗುವಂಥ ಮಷೀನು ಕೊಳ್ಳುವುದೆಂದು ತೀರ್ಮಾನವಾಯಿತು.

ಮೊದಲು ಕೊಪ್ಪದಲ್ಲೇ ವಾಸಪ್ಪನವರ ಯಂತ್ರದ ಅಂಗಡಿಗೆ ಹೋದರು. ವಾಸಪ್ಪ ಇಂಜಿನ್ನೇ ಇಲ್ಲದ, ತಳ್ಳಿದರೆ ಬ್ಲೇಡು ಉರುಳುವ ಪುಟ್ಟ ಮಷೀನು ತೋರಿಸಿದರು.

“ಇದೇ ಸರಿ. ಕಟ್ಟಿ ಕೊಡಿ” ಎಂದರು ಅಜೀಜ್, ತಮ್ಮ ವೇಗಕ್ಕೆ ತಾವೇ ಮೆಚ್ಚಿಕೊಂಡು.

“ಹುಲ್ಲು ಎಷ್ಟುದ್ದ ಇದೆ ಸಾಹೇಬ್ರೆ?”

ಅಜೀಜ್ ಮೊಣಕಾಲು ಮುಟ್ಟಿ ತೋರಿಸಿದರು.

“ಹಂಗಾದ್ರೆ ಇದು ಆಗಲ್ಲ. ಇದು ಕ್ರಾಪು ಸರಿ ಮಾಡೋದು. ನಿಮ್ದು ಜಡೆ.”

ವಾಸಪ್ಪ ಕರೆಂಟಿನದು ತೋರಿಸಿದರು. ಉದ್ದನೆಯ ವೈರು, ಹಗುರ, ಸದ್ದು ಕಮ್ಮಿ. ಆದರೆ ಅಜೀಜರ ತಲೆಗೆ ಒಂದು ಹುಳ ಹೊಕ್ಕಿತು.

“ಬ್ಲೇಡು ವೈರನ್ನೇ ಕತ್ತರಿಸಿದ್ರೆ?”

“ವೈರು ಹಿಂದೆ ಇರುತ್ತೆ. ಬ್ಲೇಡು ಮುಂದೆ.”

“ಸರಿ. ಗೋಡೆ ತನಕ ಹೋಗಿ ವಾಪಸ್ ತಿರುಗಿದಾಗ?”

ವಾಸಪ್ಪ ವೈರನ್ನೊಮ್ಮೆ ಬ್ಲೇಡನ್ನೊಮ್ಮೆ ನೋಡಿ, “ತಿರುಗಬಾರ್ದು” ಎಂದರು.

ಅಜೀಜ್ ಸಾಹೇಬರು ಮೆಲ್ಲನೆ ಎದ್ದರು. “ಮನೆಯವ್ರನ್ನ ಕೇಳ್ಕಂಡ್ ಬರ್ತೀನಿ” ಎಂಬ ಮಾತು ಅವರ ಬಾಯಿಂದಲೇ ಹೊರಬಿತ್ತು. ಹೊರಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಿರಲಿಲ್ಲ.

ಬುಧವಾರ ಬ್ಯಾಟರಿಯದನ್ನು ನೋಡಲು ಶೃಂಗೇರಿಗೆ ಹೋದರು. ಬೀಗರಾಗಬೇಕಾದವರ ಊರಲ್ಲಿ ಬೀಗರಿಗಾಗಿಯೇ ಹುಲ್ಲಿನ ಮಷೀನು ಹುಡುಕುವುದನ್ನು ಯಾರಾದರೂ ಕಂಡರೆ? ಮುಖಕ್ಕೆ ಕರ್ಚೀಪು ಕಟ್ಟಿಕೊಂಡು ಅಂಗಡಿಗೆ ನುಗ್ಗಿದರು. “ಜ್ವರ ಇದ್ರೆ ಹೊರಗೇ ನಿಂತ್ಕಳಿ” ಎಂದ ಅಂಗಡಿಯವನು, ಮಷೀನನ್ನು ಬಾಗಿಲಿಗೇ ತಂದು ತೋರಿಸಿದ. ಚಾರ್ಜು ಹುಲ್ಲಿನ ನಡುವೆ ಮುಗಿದರೆ ಏನು ಗತಿ, ಇಬ್ಬನಿ ಒಳಗೆ ಹೋದರೆ ಏನು ಗತಿ, ಚಾರ್ಜಿಗೆ ಹಾಕಿದಾಗಲೇ ಕರೆಂಟು ಹೋದರೆ ಏನು ಗತಿ ಎಂದು ಕರ್ಚೀಪಿನೊಳಗಿಂದಲೇ ಕೇಳಿ ಕೇಳಿ, ಬಸ್ಸು ಹತ್ತಿ ವಾಪಸ್ ಬಂದರು.

ಅಷ್ಟರಲ್ಲಿ ಸುದ್ದಿ ಹರಡಿಯಾಗಿತ್ತು. ನಮ್ಮ ಕಡೆ ಒಬ್ಬ ಮಷೀನು ಕೊಂಡರೆ ಅದು ಕೇರಿಗೇ ಕೊಂಡ ಹಾಗೆ. ಏಣಿ, ಕಡಾಯಿ, ಪಂಪುಸೆಟ್ಟು ಯಾವುದಾದರೂ ಸರಿ, ಕೊಂಡವನ ಮನೆಯಲ್ಲಿ ಅದು ವಿಶ್ರಾಂತಿಗೆ ಮಾತ್ರ ಬರುತ್ತದೆ. ಹಾಗಾಗಿ ಕೊಳ್ಳುವ ಮೊದಲು ಸಲಹೆ ಕೊಡುವುದು ಎಲ್ಲರ ಹಕ್ಕು.

ಪಕ್ಕದ ಮನೆಯ ಲಲಿತಮ್ಮ ಗೋಡೆಯಾಚೆಯಿಂದ ಹೇಳಿದರು, “ಎಂತ ಅಜೀಜಣ್ಣ, ಚಕ್ರ ದೊಡ್ಡದಿರೋದೇ ತಗಳಿ. ನಮ್ಮನೆ ಅಂಗಳ ಇಳಿಜಾರು ನೋಡಿ.”

ಹಿರೇಕೊಡಿಗೆಯ ಗೆಳೆಯ ರೇಣುಕಪ್ಪ ಅಂಗಡಿಗೇ ಬಂದ. ಅವನು ಊರ ವಾಲಿಬಾಲ್ ತಂಡಕ್ಕೆ ಯಜಮಾನ. “ಪೆಟ್ರೋಲಿಂದೇ ಆಗ್ಬೇಕು ಮಾರಾಯ. ಕೋರ್ಟಿನ ಹತ್ರ ಕರೆಂಟಿಲ್ಲ.”

ಕಮ್ಮರಡಿಯಿಂದ ಬದರುನ್ನೀಸಾಳ ತಮ್ಮ ಸಲೀಂ ಫೋನು ಮಾಡಿದ. “ಭಾವ, ಅಗಲ ಇರೋದು ನೋಡಿ. ಅಡಿಕೆ ಒಣಗಿಸೋ ಅಂಗಳ ಪೂರ್ತಿ ಹುಲ್ಲು ಬಂದಿದೆ. ಸಣ್ಣದ್ರಲ್ಲಿ ಎಲ್ಲಿ ಮುಗೀತದೆ?”

“ನಮ್ಮ ಅಂಗಳಕ್ಕೆ ಎಂತದು ಬೇಕು ಅಂತ ಯಾರಾದ್ರೂ ಹೇಳಿದ್ರಾ?” ಎಂದು ಕೇಳಿದಳು ಬದರುನ್ನೀಸಾ.

ಯಾರೂ ಹೇಳಿರಲಿಲ್ಲ. ಅಜೀಜರಿಗೆ ನಿದ್ದೆ ಹತ್ತದಾಯಿತು. ಕಣ್ಣು ಮುಚ್ಚಿದರೆ ಚಕ್ರ, ತೆರೆದರೆ ಹುಲ್ಲು. ಮೆಹ್ನಾಜ್ ದಿನಾ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಅಂಗಳ ನೋಡಿ, ಕಿಟಕಿ ಮುಚ್ಚಿ ಒಳಗೆ ಹೋಗುತ್ತಿದ್ದಳು.

ಕೊನೆಗೆ ಮುಂದಿನ ವಾರದ ಬುಧವಾರ ನರಸಿಂಹರಾಜಪುರಕ್ಕೆ ಹೋಗಿ, ಎಲ್ಲರ ಸಲಹೆಯನ್ನೂ ಒಂದೇ ಕಬ್ಬಿಣದಲ್ಲಿ ಎರಕ ಹೊಯ್ದಂಥ ಮಷೀನೊಂದನ್ನು ತಂದೇಬಿಟ್ಟರು. ಪೆಟ್ರೋಲು, ಅಗಲ, ದೊಡ್ಡ ಚಕ್ರ! ಲಿವರು ಒತ್ತಿದರೆ ತಾನೇ ಮುಂದೆ ಹೋಗುತ್ತದೆ, ನಾವು ಹಿಂದೆ ನಡೆದರಾಯಿತು. ತಂದು ಅಂಗಳದಲ್ಲಿ ನಿಲ್ಲಿಸಿದಾಗ ಗೊತ್ತಾಯಿತು, ಅದನ್ನು ತಿರುಗಿಸಬೇಕಾದರೆ ಗೇಟು ದಾಟಿ ರಸ್ತೆಗೆ ಹೋಗಿ ಬರಬೇಕು.

“ಈಗ್ಲೇ ಶುರು ಮಾಡಿ” ಎಂದಳು ಬದರುನ್ನೀಸಾ.

“ಹೊಸಾದು. ಶುಕ್ರವಾರ ನಮಾಜ್ ಮುಗಿಸ್ಕಂಡು ಬಂದು ಬಿಸ್ಮಿಲ್ಲಾ ಹೇಳಿ ಶುರು ಮಾಡೋಣ. ಶುಭ ಕೆಲಸ ಅಲ್ವಾ?”

ಇದೇ ಅವರು ಮಾಡಿದ ತಪ್ಪು. ಸುಮ್ಮನೆ ನಿಂತ ಮಷೀನು ನಮ್ಮೂರಲ್ಲಿ ಸುಮ್ಮನೆ ನಿಲ್ಲುವುದಿಲ್ಲ. ಗುರುವಾರ ಬೆಳಿಗ್ಗೆ ಲಲಿತಮ್ಮ ಬಂದರು. “ಹೆಂಗೂ ನಾಳೆ ತನಕ ನಿಂತಿರುತ್ತಲ್ಲ.” ಅವರ ಅಂಗಳ ಮಧ್ಯಾಹ್ನದೊಳಗೆ ಕೇರಂ ಬೋರ್ಡಾಯಿತು. ಮಷೀನು ಗೋಡೆ ದಾಟಿ ಬರುವಷ್ಟರಲ್ಲಿ ರೇಣುಕಪ್ಪ ಗೂಡ್ಸ್ ಆಟೋ ತಂದು ನಿಂತಿದ್ದ. “ನಾಳೆ ಮಧ್ಯಾಹ್ನಕ್ಕೆ ವಾಪಸ್, ಆಣೆ” ಎಂದ. ಶುಕ್ರವಾರ ನಮಾಜು ಮುಗಿಸಿ ಓಡಿ ಬಂದರೆ ಅಂಗಳ ಖಾಲಿ. ಫೋನು ಮಾಡಿದರೆ ರೇಣುಕಪ್ಪ, “ನಿನ್ನ ಭಾವಮೈದ ಬಂದು ತಗಂಡ್ ಹೋದನಲ್ಲ ಮಾರಾಯ, ಭಾವ ಹೇಳಿದಾರೆ ಅಂದ” ಎಂದ.

ಶನಿವಾರವೆಲ್ಲ ಅಜೀಜ್ ಕಮ್ಮರಡಿಗೆ ಫೋನು ಮಾಡಿದರು. “ಇನ್ನೊಂದು ಚೂರು ಇದೆ ಭಾವ, ಬಂದೇ ಬಿಟ್ಟೆ” ಎನ್ನುತ್ತಿದ್ದ ಸಲೀಂ. ಸಂಜೆಗೆ ಫೋನು ಎತ್ತುವುದನ್ನೇ ಬಿಟ್ಟ.

“ಇಲ್ಲ ಅನ್ನಕ್ಕೆ ನಿಮಗೆ ಯಾವಾಗ ಬಾಯಿ ಬರುತ್ತೆ?” ಎಂದಳು ಬದರುನ್ನೀಸಾ. ಅಜೀಜರು ಮತ್ತೆ ಕಮ್ಮರಡಿಗೆ ಫೋನು ಹಚ್ಚಿದರು.

ಭಾನುವಾರ ಬೆಳಗಾಯಿತು. ಕೇರಿಯ ಅಂಗಳಗಳಲ್ಲೆಲ್ಲ ಅಜೀಜ್ ಸಾಹೇಬರದೊಂದೇ ಕಾಡು. ಬದರುನ್ನೀಸಾ ಗೋಡೆಯ ಬಳಿ ನಿಂತು ಅತ್ತಳು. ಲಲಿತಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ.

“ಅಳಾದ್ಯಾಕೆ? ನಮ್ಮ ಅಂಗಳದಲ್ಲಿ ಕೂರಿಸಿ. ಚಹಾ, ತಿಂಡಿ ಎಲ್ಲ ಇಲ್ಲೇ ಆಗ್ಲಿ. ನಿಮ್ಮ ಬಿರಿಯಾನಿ ಒಂದು ಮಾತ್ರ ಆ ಕಡೆಗೇ ಇರ್ಲಿ, ಬೇಜಾರ್ ಮಾಡ್ಕಬೇಡಿ.”

ಶೃಂಗೇರಿಯ ಜೀಪು ಬಂದಾಗ ಬದರುನ್ನೀಸಾ ಲಲಿತಮ್ಮನ ಗೇಟಿನಲ್ಲೇ ನಿಂತಿದ್ದಳು. ವಸೀಂನ ತಂದೆ ಇಳಿದರು. ದಪ್ಪ ಮೀಸೆಯ, ಮಾತು ಕಮ್ಮಿಯ ಮನುಷ್ಯ. ಹಿಂದೆ ತಾಯಿ ಅನೀಸಾ. ಲಲಿತಮ್ಮನ ಗಂಡ ದತ್ತಮೂರ್ತಿಯವರು ತಮ್ಮದೇ ಅಂಗಳದಲ್ಲಿ ನೆಂಟರ ಹಾಗೆ ಮುದುರಿ ಕೂತರು. ಮೆಹ್ನಾಜ್ ಚಹಾ ತಂದಳು. ಅನೀಸಾ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, “ಎಷ್ಟು ಒಪ್ಪವಾಗಿ ಇಟ್ಕಂಡಿದೀರಿ ಅಂಗಳಾನ!” ಎಂದು ಹೊಗಳಿದರು.

ಅಜೀಜ್ ಸಾಹೇಬರು ಚಹಾದ ಲೋಟ ಕೆಳಗಿಟ್ಟರು. ಇದು ನಮ್ಮದಲ್ಲ ಎನ್ನಬೇಕು. ಎಂದರೆ ಸಂಬಂಧ ಹೋಗುತ್ತದೆ. ಅನ್ನದಿದ್ದರೆ ಮಗಳ ಸಂಸಾರ ಸುಳ್ಳಿನ ಮೇಲೆ ಶುರುವಾಗುತ್ತದೆ. ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಗಾಳಿ ದಿಕ್ಕು ಬದಲಿಸಿತು. ಕಾಡಿನ ಕಡೆಯಿಂದ ಬಿರಿಯಾನಿಯ ಘಮ ತೇಲಿ ಬಂತು.

ವಸೀಂನ ತಂದೆ ಮೂಗೆತ್ತಿದರು. “ಅಡಿಗೆ ಪಕ್ಕದ ಮನೇಲಿ ಮಾಡ್ಸಿದೀರಾ?”

ದತ್ತಮೂರ್ತಿಯವರು ಆಕಾಶ ನೋಡಿದರು. ಅಜೀಜ್ ಎದ್ದು ನಿಂತರು.

“ಇಲ್ಲ ಸಾಹೇಬ್ರೆ. ಇದು ಪಕ್ಕದ ಮನೆ. ನಮ್ಮದು ಅದು.”

ಎಲ್ಲರೂ ಗೋಡೆಯಾಚೆ ನೋಡಿದರು. ಹುಲ್ಲು ಗಾಳಿಗೆ ತಲೆಯಾಡಿಸಿತು. ಮೆಹ್ನಾಜ್ ತಲೆ ತಗ್ಗಿಸಿ ದುಪಟ್ಟದ ಅಂಚು ಹಿಡಿದು ಕೂತಿದ್ದಳು. ಆಗಲೇ ಸಲೀಂನ ಪಿಕಪ್ಪು ಬಂದು ನಿಂತಿತು. ಮೈಯೆಲ್ಲ ಹುಲ್ಲು ಮೆತ್ತಿಕೊಂಡ ಮಷೀನು ಕೆಳಗಿಳಿಯಿತು.

“ಸಾರಿ ಭಾವ. ಪೆಟ್ರೋಲ್ ಖಾಲಿ ಆಯ್ತು” ಎಂದ ಸಲೀಂ.

ವಸೀಂನ ತಂದೆ ಮಷೀನಿನ ಸುತ್ತ ಒಂದು ಸುತ್ತು ಬಂದರು. “ಯಾರ್ದು ಇದು?”

“ನಮ್ದೇ.”

“ಮತ್ತೆ ನಿಮ್ಮ ಅಂಗಳ ಯಾಕೆ ಹಿಂಗಿದೆ?”

ಅಜೀಜ್ ಮುಚ್ಚಿಡಲಿಲ್ಲ. ಲಲಿತಮ್ಮ, ರೇಣುಕಪ್ಪ, ಸಲೀಂ, ಶುಕ್ರವಾರದ ಬಿಸ್ಮಿಲ್ಲಾ, ಎಲ್ಲ ಹೇಳಿದರು. “ಕೇಳಿದ್ರು, ಕೊಟ್ಟೆ. ನಾನಿನ್ನೂ ಒಂದ್ಸಲನೂ ಓಡಿಸಿಲ್ಲ. ಈ ಹುಲ್ಲಲ್ಲಿ ಇಂಬಳನೂ ಇದಾವೆ, ಅದನ್ನೂ ಹೇಳಿಬಿಡ್ತೀನಿ.”

ಆ ಮನುಷ್ಯ ಮೀಸೆಯಡಿಯಲ್ಲೇ ನಕ್ಕರು. “ಇಂಬಳ ಅಂತ ಹೆದರಿದ್ರಾ? ನಮ್ಮ ಶೃಂಗೇರಿಯವು ನಿಮ್ಮ ಕೊಪ್ಪದವಕ್ಕೆ ಅಣ್ಣಂದಿರು ಮಾರಾಯ್ರೆ. ಮೊದ್ಲು ಊಟ ಹಾಕಿ.”

ಬದರುನ್ನೀಸಾ ಪಡಸಾಲೆಗೆ ಓಡಿ, ಪ್ಯಾಂಟಿನ ಬಟ್ಟೆಯ ಹೊಸ ತಾನೊಂದರ ಸುರುಳಿ ಬಿಚ್ಚಿ ಗೇಟಿನಿಂದ ಬಾಗಿಲವರೆಗೆ ಹುಲ್ಲಿನ ಮೇಲೆ ಹಾಸಿದಳು. ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯ ತಾನು. ಅಜೀಜ್ ಬೇರೆ ಕಡೆ ತಿರುಗಿದರು.

ಊಟ ಮುಗಿಯಿತು. ವಸೀಂನ ತಂದೆ ತಾಯಿ ಜಗಲಿಯ ಮೂಲೆಗೆ ಹೋಗಿ ಪಿಸುಗುಟ್ಟತೊಡಗಿದರು. ನಡುನಡುವೆ ಗೇಟಿನ ಕಡೆ ನೋಡುತ್ತಿದ್ದರು. ಹೊರಟೇಹೋಗುತ್ತಾರೆ ಎಂದುಕೊಂಡರು ಅಜೀಜ್. ಬಾಗಿಲ ಹಿಂದೆ ಮೆಹ್ನಾಜಳ ಬಳೆಯ ಸದ್ದೂ ನಿಂತುಹೋಗಿತ್ತು.

ವಸೀಂನ ತಂದೆ ಬಂದು ಗಂಭೀರವಾಗಿ ಕೂತರು. “ಹುಡುಗಿ ಒಪ್ಪಿಗೆ. ಇಲ್ಲ ಅನ್ನಕ್ಕೆ ಬಾರದ ಮನೆತನನೂ ಒಪ್ಪಿಗೆ. ಕೊಡೋದು ತಗಳೋದು ಎಂತದೂ ಬೇಡ. ಒಂದೇ ಒಂದು ಬೇಡಿಕೆ ಇದೆ.”

ಅಜೀಜರು ಕಂಬ ಹಿಡಿದುಕೊಂಡರು. “ಹೇಳಿ.”

“ಹುಡುಗಿ ರಂಜಾನ್ ಮುಗಿದ ಮೇಲೆ ನಿಧಾನಕ್ಕೆ ಬರ್ಲಿ. ಮಷೀನು ಇವತ್ತೇ ಬರ್ಲಿ.”

ಸಲೀಂ, ದತ್ತಮೂರ್ತಿ ಇಬ್ಬರೂ ಸೇರಿ ಮಷೀನನ್ನು ಜೀಪಿನ ಹಿಂದಕ್ಕೆ ಎತ್ತಿದರು. ಅನೀಸಾ ತಮ್ಮ ಶಾಲನ್ನೇ ಅದರ ಮೇಲೆ ಹೊದಿಸಿ, ಧೂಳು ತಾಗದ ಹಾಗೆ ಸುತ್ತ ಸಿಕ್ಕಿಸಿದರು. “ಜೋಪಾನವಾಗಿ ನೋಡ್ಕತೀವಿ, ಚಿಂತೆ ಮಾಡ್ಬೇಡಿ” ಎಂದರು. ಜೀಪು ಹೊರಟಿತು. ಅಜೀಜ್ ಸಾಹೇಬರು ಮೊಣಕಾಲುದ್ದದ ಹುಲ್ಲಿನಲ್ಲಿ ನಿಂತು ತಿರುವು ದಾಟುವವರೆಗೂ ಕೈ ಬೀಸಿದರು. ಆಮೇಲೆ ಕಣ್ಣೊರೆಸಿಕೊಂಡರು.

ಬದರುನ್ನೀಸಾ ಹತ್ತಿರ ಬಂದು ನಿಂತಳು.

“ಅಳಾದ್ಯಾಕ್ರೀ? ಮಗಳು ಇನ್ನೂ ಒಳಗೇ ಇದಾಳೆ.”