ಒಲೆಯಣ್ಣನ ಇಬ್ಬರು ಮಕ್ಕಳು

ಗುಮಾಸ್ತರು ಕೇಳಿದ್ದು ಒಂದೇ ಮಾತು: "ಮಕ್ಕಳೆಷ್ಟು?"

ಬ್ರೆಡ್ ಕಾರ್ಖಾನೆಯ ಒಲೆಯಣ್ಣ ಆ ಹೊತ್ತಿಗೆ ಕೈಯಲ್ಲಿದ್ದ ಬ್ರೆಡ್ಡನ್ನು ಮನಸ್ಸಿನಲ್ಲೇ ಪಾಲು ಮಾಡುತ್ತಿದ್ದ. "ಇಬ್ಬರು" ಅಂದುಬಿಟ್ಟ. ಅವನ ಮನಸ್ಸಿನಲ್ಲಿದ್ದ ಇಬ್ಬರೂ ಕೆಳಮನೆಯ ನರ್ಸಮ್ಮನ ಮಕ್ಕಳು. ಅವಳ ಪಾಳಿ ಮುಗಿಯುವವರೆಗೆ ಅವು ಉಣ್ಣುವುದು, ಕಿತ್ತಾಡುವುದು, ನಿದ್ದೆಹೋಗುವುದು ಎಲ್ಲ ಒಲೆಯಣ್ಣನ ಮನೆಯಲ್ಲೇ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಗಂಡಹೆಂಡಿರಿಗೆ ಸ್ವಂತದ್ದೊಂದು ಆಗಿರಲಿಲ್ಲ.

ಮುಂದಿನ ಸಂಬಳದಲ್ಲಿ ಕೈಗೆ ಮುನ್ನೂರು ಹೆಚ್ಚಿಗೆ ಬಂತು. ಮಕ್ಕಳ ಭತ್ಯೆಯೇ ಇರಬೇಕೆಂದು ಅವನು ಹೆದರಿದ. ನಿಜ ಹೇಳಲು ಗುಮಾಸ್ತರ ಮೇಜಿನವರೆಗೆ ಮೂರು ಸಲ ಹೋದ. ಮೂರು ಸಲವೂ ಗೋಡೆ ಗಡಿಯಾರದಲ್ಲಿ ಗಂಟೆ ನೋಡಿಕೊಂಡು ವಾಪಸು ಬಂದ.

ಒಂದು ಬೆಳಿಗ್ಗೆ ಗುಮಾಸ್ತರೇ ಕರೆದರು. "ಸಂಜೆ ಆಫೀಸಿನ ಮೇಡಂ ನಿಮ್ಮನೆಗೆ ಬರ್ತಾರೆ. ಮನೆಮಂದಿಯೆಲ್ಲ ಇರಲಿ."

ಆ ದಿನ ಎರಡು ತಟ್ಟೆ ಬ್ರೆಡ್ಡು ಹೆಂಚಿನ ಹಾಗೆ ಸುಟ್ಟುಹೋಯಿತು.

"ಕೆಲ್ಸ ಹೋಗುತ್ತೆ ಕಣೇ" ಅಂದ ಮನೆಗೆ ಬಂದು.

"ಅಂಥ ಸುಳ್ಳು ಯಾಕೆ ಹೇಳಿದ್ರಿ?"

"ಹೇಳುವಾಗ ಸುಳ್ಳು ಅನ್ನಿಸ್ಲೇ ಇಲ್ಲ."

ಹೆಂಡತಿ ಸೆರಗಿನಿಂದ ನರ್ಸಮ್ಮನ ಚಿಕ್ಕವನ ಮೂಗು ಒರೆಸಿದಳು.

ಪಕ್ಕದ ಮನೆಯ ಕ್ಷೌರಿಕನಿಗೆ ಗೋಡೆಯೇ ಕಿವಿ. ಓಡಿಬಂದ. "ಇಬ್ಬರೇ ಯಾಕಣ್ಣ? ನನ್ನ ಮೂರನ್ನೂ ಇಟ್ಕೋ. ಮನೆ ತುಂಬಿದ್ರೆ ಯಾರು ಎಣಿಸ್ತಾರೆ?" ಬೇಡವೆನ್ನುವಷ್ಟರಲ್ಲಿ ಕತ್ತರಿ ತೆಗೆದು ಐದೂ ತಲೆಗಳನ್ನು ಒಲೆಯಣ್ಣನ ತಲೆಯ ಹಾಗೆಯೇ ಕತ್ತರಿಸಿದ. "ಹೋಲಿಕೆ ಬೇಡ್ವಾ ಮತ್ತೆ?" ಮಕ್ಕಳು ಸಾಲಾಗಿ ನಿಂತವು, ಒಂದೇ ಅಚ್ಚಿನಲ್ಲಿ ಬೆಂದ ಬನ್ನುಗಳಂತೆ.

ಮೇಡಂ ಬಂದರು. ಕನ್ನಡಕದ ಮೇಲಿಂದ ನೋಡಿದರು.

"ಅಪ್ಪಾ! ಅಪ್ಪಾ!" ಎಂದು ಐದೂ ಒಟ್ಟಿಗೆ ಕೂಗಿದವು. ನರ್ಸಮ್ಮನ ಮಗಳು ಮುಂದೆ ಬಂದು, "ಐದು ಸಲ ಅಪ್ಪ ಅಂದ್ರೆ ಒಂದು ಬಿಸ್ಕತ್ತು ಮೇಡಂ. ನಂದು ನಾಲ್ಕಾಯ್ತು" ಅಂದಳು.

ಕ್ಷೌರಿಕ ಬಾಗಿಲ ಸಂದಿಯಿಂದ ಮಾಯವಾದ. ಒಲೆಯಣ್ಣ ಕೈಮುಗಿದ. "ತಪ್ಪಾಯ್ತಮ್ಮ. ನಮಗೆ ಮಕ್ಕಳಿಲ್ಲ. ಇವರಿಬ್ಬರು ಇಲ್ಲಿ ಉಣ್ತಾರೆ, ಅಷ್ಟೇ. ಆ ಮುನ್ನೂರು ಹಿಡ್ಕೊಳ್ಳಿ, ಕೆಲ್ಸ ಮಾತ್ರ ತೆಗೀಬೇಡಿ."

ಮೇಡಂ ಕಾಗದ ತಿರುವಿದರು. "ನಿಮ್ಮ ಹೆಸರಿನ ಮುಂದೆ ಸೊನ್ನೆ ಅಂತಲೇ ಇದೆಯಲ್ಲ! ನಿಮ್ಮನ್ನ ಗುಮಾಸ್ತರು ಬಲ್ಲರು. ಮುನ್ನೂರು ಹೆಚ್ಚಿದ್ದು ನಿಮ್ಮ ಹತ್ತು ವರ್ಷದ ಸರ್ವೀಸಿಗೆ."

ಒಲೆಯಣ್ಣ ಅಲ್ಲೇ ಮಣೆಯ ಮೇಲೆ ಕುಸಿದು ಕೂತ. "ಮತ್ತೆ ನೀವು ಬಂದಿದ್ದು?"

"ಮಕ್ಕಳಿರೋ ಮನೆಗೆ ಎಷ್ಟು ಸಂಬಳ ಕೈಗೆ ಸೇರುತ್ತೆ, ಇಲ್ಲದ ಮನೆಗೆಷ್ಟು ಅಂತ ಬರ್ಕೋತಿದೀವಿ. ಇವರಿಬ್ಬರು ದಿನಾ ಇಲ್ಲೇ ಉಣ್ತಾರೆ ಅಂದ್ರಲ್ಲ?"

"ಹೌದಮ್ಮ, ಮೂರು ಹೊತ್ತೂ."

"ಒಂದೇ ಪಾತ್ರೆಯಲ್ಲಿ ಉಣ್ಣೋರು ಒಂದೇ ಮನೆ. ಅದು ನಿಯಮ." ಮೇಡಂ ಸೊನ್ನೆಯನ್ನು ಹೊಡೆದುಹಾಕಿ ಎರಡು ಎಂದು ಬರೆದರು. "ಮುಂದಿನ ತಿಂಗಳಿಂದ ಕಾರ್ಖಾನೆಯ ಶಿಶುವಿಹಾರದ ಶುಲ್ಕ, ತಲೆಗೆ ಇನ್ನೂರರಂತೆ ನಾನೂರು, ಸಂಬಳದಲ್ಲಿ ಮುರಿಯುತ್ತೆ."

"ಹಾಗಾದ್ರೆ ಭತ್ಯೆ?"

"ಭತ್ಯೆ ಹೆತ್ತೋರಿಗೆ. ಶುಲ್ಕ ಉಣಿಸೋರಿಗೆ."

ಒಲೆಯಣ್ಣ ಬಾಯಿ ತೆರೆದ. ಹೆಂಡತಿ ಅವನ ಭುಜ ಒತ್ತಿದಳು.

"ಅಮ್ಮಾ, ಬರೆದದ್ದು ಒಂದ್ಸಲ ಓದ್ತೀರಾ?" ಎಂದು ಮೇಡಂ ಅವರನ್ನು ಕೇಳಿದಳು.

"ಗಂಡ, ಹೆಂಡತಿ, ಮಕ್ಕಳು ಇಬ್ಬರು."

"ಇನ್ನೊಂದ್ಸಲ."

ಮೇಡಂ ಈ ಸಲ ನಿಧಾನವಾಗಿ ಓದಿದರು. ಒಲೆಯಣ್ಣನ ಬಾಯಿ ತಾನಾಗಿ ಮುಚ್ಚಿಕೊಂಡಿತು. ನಾನೂರು ಹೋದರೆ ಹೋಗಲಿ ಎಂದು ಅವನು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಂತೆ, ಕ್ಷೌರಿಕನ ಕಿರಿಯವನು ಸಾಲಿನಿಂದ ಕೈಯೆತ್ತಿದ.

"ನಾನೂ ಇಲ್ಲೇ ಉಣ್ತೀನಿ."

"ಅದೂ ನಿಜ" ಅಂದಳು ಹೆಂಡತಿ.

ಮೇಡಂ ಮತ್ತೆ ಪೆನ್ನಿನ ಮುಚ್ಚಳ ತೆಗೆದರು.