ನಕ್ಷೆಯಲ್ಲಿ ಇಲ್ಲದ ಬಂಡೆಯ ಬಾಲ

ಬೀದಿಗಳನ್ನು ನೇರ ಮಾಡುವ ಯೋಜನೆಯ ಎಂಜಿನಿಯರ್ ಸಾಹೇಬರ ಸನ್ನಿಧಿಗೆ,
ರಾಮನಗರ.

ಮಾನ್ಯರೇ,

ತಮಗೂ, ತಮ್ಮ ಸಿಬ್ಬಂದಿಗೂ, ತಮ್ಮ ಜೀಪಿಗೂ, ಆ ಉದ್ದನೆಯ ಅಳತೆ ಟೇಪಿಗೂ ಬಂಡೆಮಗ್ಗುಲು ಬೀದಿಯ ಸಮಸ್ತರ ಪರವಾಗಿ ನಮಸ್ಕಾರ ಮತ್ತು ಸಲಾಮು. ನಾನು ಫಿರೋಜಾ, ಅದೇ ಬೀದಿಯಲ್ಲಿ ನಮ್ಮ ಯಜಮಾನರಾದ ಗೌಸ್ ಅವರ ಜೊತೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವಳು. ನಾವು ಕಟ್ಟಿದ ಕಲ್ಲುಗೋಡೆ ಸಾರ್ವಜನಿಕ ರಸ್ತೆಗೆ ಅಡ್ಡಿಯಾಗಿದೆ, ಕೂಡಲೇ ತೆಗೆಯಿರಿ ಎಂಬ ತಮ್ಮ ನೋಟಿಸು ತಲುಪಿತು. ಅಷ್ಟು ದೊಡ್ಡ ಕಚೇರಿ ಮೊಣಕಾಲೆತ್ತರದ ನಮ್ಮ ಗೋಡೆಯನ್ನು ಗುರುತಿಸಿದ್ದಕ್ಕೆ ಬೀದಿಗೆ ಬೀದಿಯೇ ಪುಳಕಗೊಂಡಿದೆ.

ನಮ್ಮ ಬೀದಿ ಡೊಂಕು ಎಂಬುದು ತಮ್ಮ ಮೊದಲ ದೂರಾಗಿತ್ತು. ಒಪ್ಪಿದೆವು. ಬೀದಿಯ ತಲೆಯಲ್ಲಿ ಆನೆ ಮಲಗಿದಂತೆ ಒಂದು ಬಂಡೆ. ಅದರ ಬಾಲ ಬೀದಿಯ ನಡುವಿನವರೆಗೂ ಚಾಚಿಕೊಂಡಿತ್ತು. ನಮ್ಮ ಹಿಂದಿನವರಿಗೆ ರಸ್ತೆಯ ಶಾಸ್ತ್ರ ತಿಳಿಯದ ಕಾರಣ ಆ ಬಾಲವನ್ನು ಸುತ್ತಿ ಬಳಸಿಕೊಂಡು ಮನೆ ಕಟ್ಟಿದರು. ಬಂಡೆಯ ಒಂದು ಮಗ್ಗುಲನ್ನು ಉಳಿಯಿಟ್ಟು ಸೀಳಿ, ಅದೇ ಕಲ್ಲಿನಿಂದ ಪಾಯ ಹಾಕಿದರು. ಹೀಗೆ ಬಂಡೆಯ ಒಂದು ಪಾಲು ನಮ್ಮ ಮನೆಗಳ ಕೆಳಗೆ ಸೇರಿತು, ನಮ್ಮ ಸಂಸಾರದ ಒಂದು ಪಾಲು ಬಂಡೆಯ ಮೇಲೇರಿತು. ಮೆಣಸಿನಕಾಯಿ, ಹಪ್ಪಳ, ಕಂಬಳಿ, ಅತ್ತೆ ಸೊಸೆಯರ ಮುನಿಸು ಎಲ್ಲವೂ ಒಣಗುತ್ತಿದ್ದುದು ಅಲ್ಲೇ. ಬಂಡೆಯ ಮೇಲೆ ಬಿದ್ದ ಮಳೆ ಬಾಲದ ಪಕ್ಕಕ್ಕೆ ಹರಿದು ಮನೆಗಳ ಹಿಂದಿನ ಕುಂಟೆಯನ್ನು ಸೇರುತ್ತಿತ್ತು. ಅದನ್ನು ತಾವು ಗಮನಿಸಲಿಲ್ಲವೆಂದು ದೂರುವುದು ಸರಿಯಲ್ಲ. ಅಲ್ಲೇ ಹುಟ್ಟಿ ಬೆಳೆದ ನಾವೂ ಗಮನಿಸಿರಲಿಲ್ಲ.

ತಾವು ಬಂದ ದಿನ ಬಂಡೆಯ ನೆತ್ತಿಯ ಮೇಲೆ ನಿಂತು, ನಕ್ಷೆ ಬಿಚ್ಚಿ, "ಇಲ್ಲಿ ಬಂಡೆಯೇ ಇಲ್ಲವಲ್ಲ" ಎಂದಿರಿ. ಬೀದಿಯ ಕೆಳತುದಿಯಲ್ಲಿ ಕುರಿ ಸಾಕಿಕೊಂಡಿರುವ ತಿಮ್ಮಮ್ಮನವರು, "ಇಲ್ದೇ ಇರೋದ್ರ ಮ್ಯಾಲೆ ಅದೆಂಗ್ ನಿಂತಿದ್ದೀರಿ ಸ್ವಾಮಿ? ಒಸಿ ಹುಷಾರು, ಜಾರ್ತೈತೆ" ಎಂದರು. ಅದನ್ನು ತಾವು ಸಾರ್ವಜನಿಕರ ಆಕ್ಷೇಪಣೆಯೆಂದು ಪರಿಗಣಿಸದೆ ದೊಡ್ಡತನ ಮೆರೆದಿರಿ. ತಮ್ಮ ಗುತ್ತಿಗೆದಾರರ ಆಳುಗಳು ಬಂಡೆಗೆ ತೂತು ಕೊರೆದರು, ಸಿಡಿಮದ್ದಿನ ಪುಡಿ ತುಂಬಿದರು, ಬಾಲ ತುಂಡಾಯಿತು, ಬೀದಿ ನೂಲು ಎಳೆದಂತೆ ನೇರವಾಯಿತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನಮ್ಮ ಯಜಮಾನರೇ. ಮೊದಲ ಟೆಂಪೊ ಬಾಗಿಲಿಗೆ ಬಂದಾಗ, "ಇನ್ಮ್ಯಾಕೆ ಗೂಡಿನ ಚೀಲ ಹೊರೋದು ತಪ್ತು ಕಣಕ್ಕೋ" ಎಂದು ತಿಮ್ಮಮ್ಮನವರನ್ನು ಕೂಗಿ ಹೇಳಿದರು.

ಆಮೇಲೆ ಮಳೆ ಬಂತು. ಮಧ್ಯಾಹ್ನದ ಹೊತ್ತು, ಒಲೆಯ ಮೇಲೆ ಗೂಡು ಬೇಯುತ್ತಿತ್ತು. ಬಂಡೆಯಿಂದ ಇಳಿದ ನೀರು ತಾವು ಮಾಡಿಕೊಟ್ಟ ರಸ್ತೆಯನ್ನು ನಮಗಿಂತ ಚೆನ್ನಾಗಿ ಅರ್ಥಮಾಡಿಕೊಂಡು, ಎಲ್ಲೂ ನಿಲ್ಲದೆ, ಎಲ್ಲೂ ತಿರುಗದೆ ನೇರವಾಗಿ ಬಂದು ನಮ್ಮ ಒಲೆಯನ್ನು ಆರಿಸಿತು. ಗೂಡಿನ ಚೀಲಗಳನ್ನು ಅಟ್ಟಕ್ಕೆ ಎತ್ತುತ್ತಿದ್ದಾಗ ಕೆಳಗಡೆಯಿಂದ ಕೂಗು ಕೇಳಿಸಿತು. ದೊಡ್ಡ ಕುರಿಗಳನ್ನು ಹೊರಗೆ ಬಿಟ್ಟ ತಿಮ್ಮಮ್ಮನವರು ಮರಿಗಳಿಗಾಗಿ ಮತ್ತೆ ದೊಡ್ಡಿಯೊಳಕ್ಕೆ ಹೋಗಿದ್ದರು. ನೆನೆದ ಗೋಡೆ ಕುಸಿದು ಅವರ ಕಾಲಿನ ಮೇಲೆ ಬಿದ್ದಿತ್ತು. ನೀರು ಎದೆಯವರೆಗೆ ಏರುತ್ತಿತ್ತು. ಯಜಮಾನರು ದೊಡ್ಡಿಯ ತಗಡು ಕಿತ್ತು ಒಳಗೆ ನುಗ್ಗಿದರು.

"ನನ್ನ ಬುಟ್ಟುಬುಡು ಗೌಸಾ, ಮರಿ ಎತ್ಕೋ ಮೊದ್ಲು!"

"ಮರಿ ಆಮ್ಯಾಕೆ ಅಕ್ಕಾ, ಕೈ ಕೊಡು! ಕೈ ಕೊಡಕ್ಕಾ!"

ಅವರನ್ನು ಬೆನ್ನ ಮೇಲೆ ಹೊತ್ತು ತಂದರು. ಸೆರಗಿನೊಳಗೆ ಒಂದು ಮರಿ ಉಸಿರಾಡುತ್ತಿತ್ತು, ಉಳಿದವು ಸಿಕ್ಕಲಿಲ್ಲ. ಎಲ್ಲಿಗೆ ಹೋಗುವುದು? ಇಡೀ ಬೀದಿಯಲ್ಲಿ ಒಣಗಿದ ಮನೆಯೆಂಬುದು ಇರಲಿಲ್ಲ. ಕೂಸುಗಳನ್ನು ಎತ್ತಿಕೊಂಡು ಎಲ್ಲರೂ ಬಂಡೆ ಹತ್ತಿದೆವು. ತಮ್ಮ ನಕ್ಷೆಯ ಪ್ರಕಾರ ನಾವೆಲ್ಲ ಆ ಸಂಜೆ ಗಾಳಿಯಲ್ಲಿ ಕುಳಿತಿದ್ದೆವು. ತಿಮ್ಮಮ್ಮನವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ನನಗೆ, ಅಷ್ಟು ಮಳೆ ಸುರಿದರೂ ಕಲ್ಲು ಇನ್ನೂ ಬೆಚ್ಚಗಿದೆಯೆಂದು ಗೊತ್ತಾಯಿತು. ಅವರು ಕಾಲಿಗಾಗಿ ಅಳಲಿಲ್ಲ. ಒಂದೊಂದು ಮರಿಯನ್ನೂ ಅದರದರ ಹೆಸರು ಹಿಡಿದು ಕರೆಯುತ್ತಿದ್ದರು. ಆ ಕರೆಯನ್ನು ಈ ಪತ್ರದಲ್ಲಿ ಹೇಗೆ ಬರೆಯಬೇಕೋ ನನಗೆ ತಿಳಿಯದು, ಮಾನ್ಯರೇ.

ನೀರಿಳಿದ ಮೇಲೆ ತಾವು ಬಂದು, ಕೆಸರಿಗೆ ಇಳಿಯದೆ ಜೀಪಿನಿಂದಲೇ ನೋಡಿ, "ನೀರು ದಾರಿ ತಪ್ಪಿದೆ" ಎಂದು ತೀರ್ಮಾನ ನೀಡಿದಿರಿ. ನಾವೋ, ಅಲ್ಲಿಯವರೆಗೂ ತಪ್ಪಿದ್ದು ರಸ್ತೆಯೆಂದು ತಿಳಿದಿದ್ದೆವು. ತಮ್ಮ ವಿದ್ವತ್ತಿಗೆ ತಲೆಬಾಗಿ, ದಾರಿ ತಪ್ಪಿದ ನೀರನ್ನು ಮರಳಿ ದಾರಿಗೆ ತರುವ ಸಮಾಜಸೇವೆಗೆ ಇಳಿದೆವು. ರಸ್ತೆ ಬದಿ ರಾಶಿ ಬಿದ್ದಿದ್ದ ಬಂಡೆಯ ಚೂರುಗಳನ್ನೇ ಹೊತ್ತು, ಬಾಲ ಇದ್ದ ಜಾಗದಲ್ಲಿ, ಬಾಲದ ಡೊಂಕಿಗೇ ಜೋಡಿಸಿದೆವು. ಮೊದಲ ಕಲ್ಲು ಹೊತ್ತವರು ಟೆಂಪೊ ಕಂಡು ಹಿಗ್ಗಿದ್ದ ನಮ್ಮ ಯಜಮಾನರೇ. ಕಾಲಿಗೆ ರಾಡ್ ಹಾಕಿಸಿಕೊಂಡು, ಪಕ್ಕದಲ್ಲೇ ಹಾಕಿದ ಮಂಚದ ಮೇಲಿದ್ದ ತಿಮ್ಮಮ್ಮನವರು, "ಒಸಿ ಆ ಕಡೀಕ್ ತಳ್ರೋ, ನಿಮ್ಮ ಕೈಗೆ ಅನ್ನ ಇಕ್ಕಿಲ್ವಾ" ಎಂದು ಬೈಯುತ್ತಿದ್ದರು. ಅವರ ಬಾಯಲ್ಲಿ ಬೈಗುಳ ಕೇಳಿ ಎಷ್ಟೋ ದಿನಗಳ ಮೇಲೆ ನಮ್ಮ ಜೀವಕ್ಕೆ ಸಮಾಧಾನವಾಯಿತು.

ಮುಂದಿನ ಮಳೆಗೆ ಬೀದಿಯವರೆಲ್ಲ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ನೀರು ಬಂತು, ಗೋಡೆಯನ್ನು ಮುಟ್ಟಿತು, ಒಂದು ಗಳಿಗೆ ಯೋಚಿಸಿದಂತೆ ಸುತ್ತಿತು, ಕುಂಟೆಯ ಕಡೆಗೆ ಹೊರಳಿತು. ಟೆಂಪೊ ಈಗ ಬರುವುದಿಲ್ಲ. ಚೀಲ ಹೊರುವ ಭಾಗ್ಯ ಯಜಮಾನರಿಗೆ ಮರಳಿ ಲಭಿಸಿದೆ.

ಗೋಡೆ ತೆಗೆಯಲೇಬೇಕೆಂಬುದು ತಮ್ಮ ಆಜ್ಞೆಯಾದರೆ, ಅದೇ ನೋಟಿಸಿನ ಒಂದು ಪ್ರತಿಯನ್ನು ಮಳೆಗೂ ಜಾರಿ ಮಾಡಿ, ಸಹಿ ಪಡೆದು, ನಮಗೆ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ. ಅದು ಸಾಧ್ಯವಾಗದಿದ್ದರೆ, ಮೋಡ ಕವಿದಾಗಲೆಲ್ಲ ತಮ್ಮ ಕಚೇರಿಯ ಒಬ್ಬರು ಬೀದಿಯ ತಲೆಯಲ್ಲಿ ಬಾವುಟ ಹಿಡಿದು ನಿಂತು ನೀರಿಗೆ ಕುಂಟೆಯ ದಿಕ್ಕು ತೋರಿಸಲಿ. ಅದೂ ಆಗದಿದ್ದರೆ, ರಾಮನಗರದ ಬೆಟ್ಟಗುಡ್ಡಗಳನ್ನೆಲ್ಲ ಬೆಟ್ಟವೇ ಇಲ್ಲದ ಯಾವುದಾದರೂ ತಾಲ್ಲೂಕಿಗೆ ವರ್ಗ ಮಾಡಿಸಿ. ಬಂಡೆಯನ್ನು ನಕ್ಷೆಗೆ ಸೇರಿಸಲು ತೊಂದರೆಯಿದ್ದರೆ, ನಕ್ಷೆಯನ್ನೇ ತಂದು ಬಂಡೆಯ ಮೇಲೆ ಹಾಸಿರಿ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ನಾವೇ ಇಡುತ್ತೇವೆ. ಅಲ್ಲಿಯವರೆಗೆ ಗೋಡೆಗೆ ನಾವು ಕೈ ಹಚ್ಚುವುದಿಲ್ಲ, ಹಚ್ಚಲೂ ಬಿಡುವುದಿಲ್ಲ ಎಂಬುದನ್ನು ಅತ್ಯಂತ ವಿನಯದಿಂದ ತಿಳಿಸಬಯಸುತ್ತೇನೆ.

ಡೊಂಕು ಬೀದಿಯಿಂದ, ನೆಟ್ಟಗೆ ನಿಂತು,
ತಮ್ಮ ವಿಶ್ವಾಸಿ,
ಫಿರೋಜಾ

ವಿ.ಸೂ.: ಬಾಲ ಒಡೆದ ತಮ್ಮ ಗುತ್ತಿಗೆದಾರರು ನಮ್ಮ ಬೀದಿಯಲ್ಲೇ ಒಂದು ಸೈಟು ಕೊಂಡು ಮನೆ ಎಬ್ಬಿಸುತ್ತಿರುವುದು ತಮಗೆ ತಿಳಿದಿರಬಹುದು. ಮೊನ್ನೆ ಅವರೇ ಬಂದು, "ಗೋಡೆನ ಒಸಿ ನಮ್ಮ ಗೇಟ್‌ವರ್ಗೂ ಎಳೀರಮ್ಮ, ನಮ್ಮ ಪಾಯಕ್ಕೂ ನೀರು ನುಗ್ತೈತೆ, ಕಲ್ಲು ನಾನೇ ಹಾಕುಸ್ತೀನಿ" ಎಂದರು. ಎಳೆದಿದ್ದೇವೆ. ಆ ಭಾಗದ ನೋಟಿಸನ್ನು ದಯಮಾಡಿ ಅವರ ಹೆಸರಿಗೇ ಬರೆಯಿರಿ.