ಸದ್ದಿಲ್ಲದ ಕಂಪ್ಯೂಟರು

ಪಟ್ಟಿ ಬರೆಯದೆ ನಾನು ಯಾವ ಕೆಲಸಕ್ಕೂ ಕೈ ಹಾಕಿದವಳಲ್ಲ. ಭದ್ರಾವತಿಯ ಒಂದು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿ ದುಡಿದವಳು. ಉಂಡ ಹೊತ್ತು, ಮಲಗಿದ ಹೊತ್ತು, ಔಷಧಿ ಕೊಟ್ಟ ಹೊತ್ತು ಎಲ್ಲವೂ ಬರವಣಿಗೆಯಲ್ಲಿರಬೇಕು, ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂದು ನಮಗೆ ಕಲಿಸಿದ್ದರು. ನಿವೃತ್ತಳಾಗಿ ಶಿವಮೊಗ್ಗದ ದುರ್ಗಿಗುಡಿಗೆ ಬಂದ ಮೇಲೂ ಅದನ್ನು ಬಿಟ್ಟಿಲ್ಲ. ಮಗಳು ಸಹನಾ, ಅಳಿಯ ಪ್ರಸನ್ನ ನನ್ನ ಜೊತೆಗಿದ್ದಾರೆ. ಅವರನ್ನು ನಾನು ರೋಗಿಗಳಂತೆ ನೋಡಿಕೊಳ್ಳುತ್ತೇನೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಇಂಥ ನನಗೆ ಹೋದ ತಿಂಗಳು ಒಂದು ಕಂಪ್ಯೂಟರಿಗೆ ಪಟ್ಟಿ ಬರೆಯುವ ಪ್ರಸಂಗ ಬಂತು. ಸಹನಾ ಶಾಲೆಯ ಕೆಲಸ ಬಿಟ್ಟು ವರ್ಷವಾಗಿತ್ತು. ಕಾದಂಬರಿಗಳನ್ನು ಓದಿ ಧ್ವನಿಮುದ್ರಿಸಿ ಕೊಡುವ ಕೆಲಸವೊಂದು ಸಿಗುವ ಹಾಗಿತ್ತು. ಆದರೆ ಅವಳು ಕಳಿಸಿದ ಮಾದರಿ ಎರಡು ಸಲ ವಾಪಸು ಬಂತು. ಧ್ವನಿ ಚೆನ್ನಾಗಿದೆ, ಹಿನ್ನೆಲೆಯಲ್ಲಿ ಸದ್ದಿದೆ ಎಂದು ಬರೆದಿದ್ದರು. ಮೂರನೆಯದೇ ಕೊನೆಯ ಅವಕಾಶ. ಆ ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ. ಎರಡು ಚಪಾತಿಯ ಕಡೆ ಅರ್ಧ. ಅದನ್ನೂ ನಾನು ಬರೆದಿಟ್ಟಿದ್ದೇನೆ.

"ಹಳೇ ಲ್ಯಾಪ್‌ಟಾಪಿನ ಫ್ಯಾನ್ ಸದ್ದಮ್ಮ ಅದು" ಎಂದಳು, ಗೋಡೆ ನೋಡುತ್ತ.

"ಹಾಗಿದ್ರೆ ಸದ್ದೇ ಮಾಡದ ಒಂದು ಕಂಪ್ಯೂಟರ್ ಕಟ್ಟಿಸೋಣ. ಎಂಬತ್ತು ಸಾವಿರದೊಳಗೆ" ಎಂದೆ. ನನ್ನ ಆರ್‌ಡಿ ಮುಗಿದು ಬ್ಯಾಂಕಿನಿಂದ ಹಣ ಬಂದಿತ್ತು.

ಪ್ರಸನ್ನ ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ನಾಲ್ಕು ಮಾತಾಡುವ ಕಡೆ ಒಂದು ಆಡುವ ಸಾಧು. ಆವತ್ತು ಮಾತ್ರ ಬಾಗಿಲ ಹತ್ತಿರ ನಿಂತು, "ಹೇಗೂ ಕಟ್ಟಿಸ್ತೀವಲ್ಲ ಅತ್ತೆ, ಸ್ವಲ್ಪ ಗೇಮಿಗೂ ಆಗೋ ಥರ..." ಎಂದರು. ಮೂವತ್ತಾರು ವರ್ಷದ ಗಂಡಸು ಹೀಗೆ ಕೇಳಿದರೆ ಇಲ್ಲವೆನ್ನಲಾಗುವುದಿಲ್ಲ. ಪಟ್ಟಿಯಲ್ಲಿ ಎರಡನೆಯ ಕಾಲಂ ಎಳೆದೆ.

ಕಂಪ್ಯೂಟರು ನಾನು ಅಂದುಕೊಂಡಷ್ಟು ಅಪರಿಚಿತವಾಗಿರಲಿಲ್ಲ. ಅದಕ್ಕೂ ನೆನಪಿನ ಶಕ್ತಿ ಬೇಕು, ಗಾಳಿ ಆಡಬೇಕು, ಜ್ವರ ಬರುತ್ತದೆ. ನೆನಪಿನ ಶಕ್ತಿಗೆ ರ್‍ಯಾಮ್ ಎನ್ನುತ್ತಾರೆ. ಅದರ ದರ ಅಡಿಕೆಯ ದರದ ಹಾಗೆ, ಸೋಮವಾರ ಬರೆದದ್ದನ್ನು ಗುರುವಾರ ಹೊಡೆದುಹಾಕಬೇಕು. ಗ್ರಾಫಿಕ್ಸ್ ಕಾರ್ಡ್ ಎಂಬ ಒಂದೇ ಸಾಮಾನಿಗೆ ಮೂವತ್ತೈದು ಸಾವಿರ ಇತ್ತು.

"ಇದು ಏನು ಮಾಡುತ್ತೆ?" ಎಂದು ಅಳಿಯಂದಿರನ್ನು ಕೇಳಿದೆ.

"ಗೇಮಲ್ಲಿ ಹುಲ್ಲು ನಿಜವಾದ ಹುಲ್ಲಿನ ಹಾಗೇ ಕಾಣುತ್ತೆ ಅತ್ತೆ."

ತ್ಯಾವರೆಕೊಪ್ಪದ ಸಫಾರಿಗೆ ಟಿಕೆಟ್ ತೆಗೆದರೆ ನಿಜವಾದ ಹುಲ್ಲು ಕಾಣುತ್ತದೆ, ಅದೃಷ್ಟವಿದ್ದರೆ ಒಳಗೆ ಹುಲಿಯೂ ಇರುತ್ತದೆ. ಹಾಗೆಂದು ನಾನು ಹೇಳಲಿಲ್ಲ. ಆಟವಾಡುವಾಗ ಅದರ ಮೈ ಎಷ್ಟು ಬಿಸಿಯಾಗುತ್ತದೆ ಎಂದಷ್ಟೇ ಕೇಳಿದೆ. "ಎಂಬತ್ತು ಡಿಗ್ರಿ ನಾರ್ಮಲ್ಲು" ಎಂದರು. ಸೆಲ್ಸಿಯಸ್ಸಿನಲ್ಲಿ. ನಲವತ್ತಕ್ಕೇ ಒದ್ದೆ ಬಟ್ಟೆ ಹಾಕಿ ಡಾಕ್ಟರನ್ನು ಎಬ್ಬಿಸುತ್ತಿದ್ದವಳು ನಾನು. ಆರು ಫ್ಯಾನು ಬರೆದೆ. ಆರು ಫ್ಯಾನಿನ ಸದ್ದು ಅಡಗಿಸಲು ದಪ್ಪ ಪೆಟ್ಟಿಗೆ ಬರೆದೆ, ಗೋಡೆಗೆಲ್ಲ ಸದ್ದು ಹೀರುವ ಫೋಮು ಬರೆದೆ. ಮೊತ್ತ ಮಿತಿ ಮೀರಿತು. ಗ್ರಾಫಿಕ್ಸ್ ಕಾರ್ಡನ್ನು ಹೊಡೆದುಹಾಕಿದೆ. ಪ್ರಸನ್ನ "ಆಯ್ತು ಅತ್ತೆ" ಎಂದು ಬೇಗ ಮಲಗಿದರು.

ಭಾನುವಾರ ಮೂವರೂ ಭದ್ರಾವತಿಗೆ ಹೋದೆವು. ಅಲ್ಲಿ ಸೆಲ್ವಂ ಎಂಬವನ ಕಂಪ್ಯೂಟರ್ ಅಂಗಡಿ ಇದೆ. ಹತ್ತು ವರ್ಷದವನಿದ್ದಾಗ ಟೈಫಾಯ್ಡ್ ಆಗಿ ನನ್ನ ವಾರ್ಡಿನಲ್ಲಿ ದಿನಾ ಇಂಜೆಕ್ಷನ್ ಚುಚ್ಚಿಸಿಕೊಂಡವನು. ಈಗಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ, ಒಂದು ಕೈ ತಾನಾಗಿ ಸೊಂಟದ ಹಿಂದಕ್ಕೆ ಹೋಗುತ್ತದೆ.

"ವಾಂಗ ಸಿಸ್ಟರ್, ಬನ್ನಿ, ಕೂತ್ಕೊಳಿ" ಎಂದು ಪಟ್ಟಿ ಓದಿದ. "ಆರು ಫ್ಯಾನಾ? ಇದೇನು ಕಂಪ್ಯೂಟರಾ, ಕಲ್ಯಾಣ ಮಂಟಪಾನಾ?"

"ಸದ್ದು ಬರಬಾರದು ಮಾರಾಯ. ಇವಳ ಕೆಲಸದ ಪ್ರಶ್ನೆ."

"ಎಂಥಾ ಸದ್ದು ಅಂತ ಮೊದ್ಲು ಕೇಳೋಣ. ಆ ರೆಕಾರ್ಡಿಂಗ್ ಇದ್ಯಾ?"

"ಬೇಡ ಬಿಡಿ ಅಣ್ಣ" ಎಂದಳು ಸಹನಾ. ನಾನು ಅಷ್ಟರಲ್ಲಿ ನನ್ನ ಫೋನಿನಿಂದ ಕಳಿಸಿಯಾಗಿತ್ತು. ಮಗಳ ಧ್ವನಿಯನ್ನು ಎಲ್ಲರಿಗೂ ಕಳಿಸಿದ್ದೆ, ಪೂರ್ತಿ ಕೇಳುವ ಪುರುಸೊತ್ತು ಮಾತ್ರ ನನ್ನ ವೇಳಾಪಟ್ಟಿಯಲ್ಲಿರಲಿಲ್ಲ.

ಸೆಲ್ವಂ ದೊಡ್ಡ ಸ್ಪೀಕರಿಗೆ ಹಾಕಿದ. ಕಥೆಯಲ್ಲಿ ಗಂಡ ಸಾಯುತ್ತಿದ್ದಾನೆ, ಹೆಂಡತಿ ಅವನ ಕೈ ಹಿಡಿದು ಕೂತಿದ್ದಾಳೆ. ಸಹನಾ ಎಷ್ಟು ಚೆನ್ನಾಗಿ ಓದಿದ್ದಳೆಂದರೆ ನಾನು ಚೀಲದಲ್ಲಿ ಕರವಸ್ತ್ರ ಹುಡುಕಿದೆ. ಆಗ ಹಿಂದಿನಿಂದ ಸ್ಟೀಲ್ ತಟ್ಟೆಗಳ ಸದ್ದು. ಆಮೇಲೆ ಒಂದು ಹೆಂಗಸಿನ ದನಿ: "ನೆಲ ಒರೆಸಿದ ಬಟ್ಟೆ ಹಿಂಡಿ ಬಿಸಿಲಿಗೆ ಹಾಕು ಅಂತ ಎಷ್ಟು ಸಲ ಹೇಳ್ಬೇಕು!" ಗಂಡ ಸತ್ತ.

ಸೆಲ್ವಂ ಸ್ಪೀಕರ್ ಆರಿಸಿದ.

"ಇದು ಫ್ಯಾನ್ ಅಲ್ಲ ಸಿಸ್ಟರ್" ಎಂದ ಸೆಲ್ವಂ, ಬಹಳ ಮೆಲ್ಲಗೆ.

ಬೀದಿ ಶಾಂತವಾಗಿರುವುದೆಂದು ಸಹನಾ ಹತ್ತರಿಂದ ಹನ್ನೆರಡೂವರೆಯವರೆಗೆ ಓದುತ್ತಾಳೆ. ಹತ್ತೂಕಾಲಿಗೆ ನಾನು ಪಾತ್ರೆ ಜೋಡಿಸುತ್ತೇನೆ, ಹತ್ತೂಮುಕ್ಕಾಲಿಗೆ ಕೆಲಸದವಳ ತಪಾಸಣೆ, ಹನ್ನೊಂದಕ್ಕೆ ಮಿಕ್ಸಿ.

"ಮೊದ್ಲೇ ಹೇಳ್ಬಾರದಿತ್ತೇನೇ?" ಎಂದೆ.

"ನಿಂಗೆ ಹೇಳೋದಾ? ಎಂಬತ್ತು ಸಾವಿರ ಖರ್ಚು ಮಾಡೋದೇ ಸುಲಭ ಅನ್ನಿಸ್ತಮ್ಮ" ಎಂದಳು. ಪ್ರಸನ್ನ ಒಂದು ಕೀಬೋರ್ಡನ್ನು ತಿರುಗಿಸಿ ಅದರ ಬೆನ್ನು ಓದುತ್ತಿದ್ದರು.

ಪಟ್ಟಿ ತೆಗೆದು ನಾಲ್ಕು ಫ್ಯಾನು, ಫೋಮು, ದಪ್ಪ ಪೆಟ್ಟಿಗೆ ಹೊಡೆದುಹಾಕಿದೆ. ಗ್ರಾಫಿಕ್ಸ್ ಕಾರ್ಡನ್ನು ಮತ್ತೆ ಸೇರಿಸಿದೆ. ಮಾರನೆಯ ದಿನ ಒಂಬತ್ತೂವರೆಗೆ ಮನೆ ಬಿಟ್ಟು ಭದ್ರಾವತಿಯ ಬಸ್ಸು ಹತ್ತಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಸದ್ದಡಗಿಸುವ ಇದಕ್ಕಿಂತ ಅಗ್ಗದ ಉಪಕರಣ ಸೆಲ್ವಂನ ಅಂಗಡಿಯಲ್ಲೂ ಇರಲಿಲ್ಲ. ಆವತ್ತು ಹಳೇ ಲ್ಯಾಪ್‌ಟಾಪಿನಲ್ಲೇ ಓದಿ ಕಳಿಸಿದ ಮಾದರಿ ಒಪ್ಪಿಗೆಯಾಯಿತು, ಕೈಗೆ ಇಡೀ ಕಾದಂಬರಿಯೊಂದು ಬಂತು. ಹೊಸ ಕಂಪ್ಯೂಟರೂ ಬಂತು. ಪ್ರಸನ್ನರ ಹುಲ್ಲು ಚೆನ್ನಾಗಿ ಬೆಳೆದಿದೆ.

ಈಗ ನಾನು ದಿನಾ ಹನ್ನೆರಡೂವರೆಯವರೆಗೆ ಸೆಲ್ವಂನ ಅಂಗಡಿಯಲ್ಲಿ ಕೂರುತ್ತೇನೆ. ಸ್ಕ್ರೂಗಳನ್ನು ಅಳತೆಯ ಪ್ರಕಾರ ಡಬ್ಬಿಗಳಲ್ಲಿ ಬೇರೆ ಮಾಡಿದ್ದೇನೆ. ನೆಲ ಒರೆಸುವ ಸಮಯ ಬರೆದು ಗೋಡೆಗೆ ಅಂಟಿಸಿದ್ದೇನೆ. ರಿಪೇರಿಗೆ ಬಂದ ಕಂಪ್ಯೂಟರಿಗೆಲ್ಲ ಒಂದೊಂದು ಚಾರ್ಟು ತೂಗುಹಾಕಿದ್ದೇನೆ. ಪಾಪ, ಅವನು ಒಂದು ಮಾತೂ ಆಡುವುದಿಲ್ಲ. ನಿನ್ನೆ ಮಾತ್ರ ಚಹಾ ತರಿಸಿಕೊಟ್ಟು, ಎದ್ದು ನಿಂತೇ ಕೇಳಿದ: "ಸಿಸ್ಟರ್, ಆ ಕಾದಂಬರಿ ಎಷ್ಟು ಪುಟ?"

"ಏಳುನೂರ ಹನ್ನೆರಡು" ಎಂದೆ.

ಸೆಲ್ವಂ ಮೆಲ್ಲಗೆ ಕೂತ. ನಾಡಿ ಹಿಡಿದು ನೋಡಿದೆ, ತುಸು ವೇಗವಾಗಿತ್ತು.